ಚೀಲ ಚಿಕ್ಕದು ಮಾಡಿಸಿದ ಅಧ್ಯಕ್ಷರು

ಯಾವ ಬಾಗಿಲು ದಾಟುವಾಗಲೂ ಅವರು ತಲೆ ಬಗ್ಗಿಸುತ್ತಿದ್ದರು. ಎತ್ತರದ ಆಳೇನಲ್ಲ. ಗಂಗಾವತಿಯ ಯಾವ ಮನೆಯ ಚೌಕಟ್ಟೂ ಅವರ ನೆತ್ತಿಗೆ ತಾಗುವಂತಿರಲಿಲ್ಲ. ಆದರೂ ಹೊಸ್ತಿಲು ಹತ್ತಿರ ಬಂದೊಡನೆ ಎಡಭುಜ ಕೆಳಗಿಳಿಯುತ್ತಿತ್ತು, ಕುತ್ತಿಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಮೊಣಕಾಲು ತುಸು ಮಡಚುತ್ತಿತ್ತು. ಬೆನ್ನ ಮೇಲಿನ ಚೀಲ ಚೌಕಟ್ಟಿಗೆ ತಾಗದಂತೆ ನೋಡಿಕೊಳ್ಳುವವರ ಹಾಗೆ. ಬೆನ್ನ ಮೇಲೆ ಚೀಲವಿಲ್ಲದೆ ಎಷ್ಟೋ ವರ್ಷವಾಗಿತ್ತು. ಶಾಸಕರಾಗಿ ಆರಿಸಿಬಂದು ಮೊದಲ ಸಲ ವಿಧಾನಸೌಧಕ್ಕೆ ಹೋದಾಗ ಅಲ್ಲಿಯ ಆನೆಬಾಗಿಲಿನಂಥ ಬಾಗಿಲಲ್ಲೂ ಹೀಗೇ ಬಗ್ಗಿದರು. ಪತ್ರಿಕೆಯ ಫೋಟೊದಲ್ಲಿ ಅದು ನಮಸ್ಕಾರದಂತೆ ಕಂಡಿತು. ಎಂಥ ವಿನಯ ಎಂದು ಜನ ಮೆಚ್ಚಿಕೊಂಡರು.

ನಾನು ಒಮ್ಮೆ ಅದನ್ನು ಕೇಳಿದೆ.

"ವಿನಯ ಗಿನಯ ಏನಿಲ್ಲರಿ," ಅಂದರು. "ಗೋದಾಮಿನ ಬಾಗ್ಲಾ ಅದು. ಕುತ್ತಿಗಿ ಬಿಟ್ಟು ಇನ್ನೂ ಹೋಗಿಲ್ಲ."

ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಅವರು ಆವತ್ತು "ರೂಢಿರಿ" ಎಂದಷ್ಟೇ ಅಂದಿದ್ದು, ಉಳಿದದ್ದನ್ನು ನಾನೇ ಸೇರಿಸಿರಬಹುದು. ಸತ್ತವರ ಮಾತು ಬದುಕಿದ್ದವರ ಮಾತಿಗಿಂತ ಯಾವಾಗಲೂ ಚೊಕ್ಕವಾಗಿರುತ್ತದೆ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ನಾವೆಲ್ಲ ಅವರನ್ನು ಅಧ್ಯಕ್ಷರು ಎಂದೇ ಕರೆಯುತ್ತಿದ್ದೆವು. ಗಂಗಾವತಿಯ ಅಕ್ಕಿ ಗಿರಣಿಗಳ ಹಮಾಲರ ಸಂಘದ ಅಧ್ಯಕ್ಷರು. ನಗರಸಭೆಯ ಸದಸ್ಯರಾದಾಗಲೂ ಅಧ್ಯಕ್ಷರು, ಶಾಸಕರಾದಾಗಲೂ ಅಧ್ಯಕ್ಷರು, ಸೋತ ಮೇಲೂ ಅಧ್ಯಕ್ಷರು. ನಾನು ಮಾರುಕಟ್ಟೆಯ ಪ್ರಾಂಗಣದ ಎದುರು ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದೆ. ಮದುವೆಯ ಕಾರ್ಡು, ರಸೀದಿ ಪುಸ್ತಕ, ಸಂಘದ ಕರಪತ್ರ. ಆ ಕರಪತ್ರಗಳ ದೆಸೆಯಿಂದ ನಮ್ಮಿಬ್ಬರ ಪರಿಚಯ. ಅವರು ಹೇಳುತ್ತಿದ್ದರು, ನಾನು ಬರೆದು ಅಚ್ಚು ಹಾಕುತ್ತಿದ್ದೆ. ಆಪ್ತನಾಗಿದ್ದೆ ಎಂದು ಹೇಳಿಕೊಳ್ಳಲಾರೆ.

ಅವರ ಊರು ಯಲಬುರ್ಗಾ ಕಡೆಯ ಒಂದು ಎರೆಭೂಮಿಯ ಹಳ್ಳಿ. ಕಾಲುವೆ ನೀರು ಬಂದ ಮೇಲೆ ಗಂಗಾವತಿ, ಸಿದ್ದಾಪುರದ ಕಡೆ ಭತ್ತ ಕೊಯ್ಯಲು ಆ ಭಾಗದಿಂದ ಗುಂಪುಗುಂಪಾಗಿ ಜನ ಬರುತ್ತಿದ್ದರು. ಅಂಥ ಒಂದು ಗುಂಪಿನಲ್ಲಿ ಬಂದವರು ಸುಗ್ಗಿ ಮುಗಿದ ಮೇಲೆ ವಾಪಸ್ ಹೋಗಲಿಲ್ಲ. ಗಿರಣಿಯಲ್ಲಿ ಚೀಲ ಹೊರಲು ನಿಂತರು. ಕ್ವಿಂಟಲ್ ಚೀಲವನ್ನು ಯಾರೂ ತಾವಾಗಿ ಬೆನ್ನಿಗೇರಿಸಿಕೊಳ್ಳಲಾರರು. ಇಬ್ಬರು ಎರಡು ಕಡೆ ಹಿಡಿದು ಎತ್ತಿ, ಬಗ್ಗಿ ನಿಂತವನ ಬೆನ್ನಿಗೆ ಕೊಡಬೇಕು. ಅವರಿಗೆ ಹಾಗೆ ಎತ್ತಿಕೊಟ್ಟವರಲ್ಲಿ ಒಬ್ಬ ಅವರಿಗಿಂತ ನಾಲ್ಕಾರು ವರ್ಷ ದೊಡ್ಡವನು, ಮುಂದೆ ಆ ಗುಂಪಿನ ಮೇಸ್ತ್ರಿಯಾದವನು. ಅಧ್ಯಕ್ಷರು ಅವನಿಗೆ ಅಣ್ಣಾ ಅನ್ನುತ್ತಿದ್ದರು, ಮೇಸ್ತ್ರಿ ಇವರಿಗೆ ತಮ್ಮಾ ಅನ್ನುತ್ತಿದ್ದ. ರಕ್ತಸಂಬಂಧವೇನಿರಲಿಲ್ಲ.

ಲಾರಿಗೆ ಚೀಲ ತುಂಬಲು ನೆಲದಿಂದ ಲಾರಿಗೆ ಒಂದು ಹಲಗೆ ಹಾಕಿರುತ್ತಾರೆ. ಹೊತ್ತವನು ಅದರ ಮೇಲೆ ನಡೆದು ಹೋಗಬೇಕು. ನಡುವೆ ನಿಂತರೆ ಹಿಂದಿನವನೂ ನಿಲ್ಲಬೇಕು, ಹಲಗೆ ಬಳುಕುತ್ತದೆ. ಆದ್ದರಿಂದ ಹಲಗೆಯ ಮೇಲೆ ಯಾರೂ ಮಾತಾಡುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಅಧ್ಯಕ್ಷರು ಇದನ್ನು ರಾಜಕಾರಣಕ್ಕೆ ತಂದರು. ಕೊಪ್ಪಳದ ಪತ್ರಕರ್ತರು ತೊಡಕಿನ ಪ್ರಶ್ನೆ ಕೇಳಿದರೆ, "ಹಲಗಿ ಮ್ಯಾಲ ಇದೀನ್ರಿ, ಇಳದ ಮ್ಯಾಲ ಕೇಳ್ರಿ," ಅನ್ನುತ್ತಿದ್ದರು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಕೊನೆಕೊನೆಗೆ, ಈ ಮನುಷ್ಯ ಹಲಗೆಯಿಂದ ಇಳಿಯುವುದೇ ಇಲ್ಲ ಎಂದು ಬೇಸರಪಟ್ಟುಕೊಳ್ಳುತ್ತಿದ್ದರು. ಭಾಗ್ಯನಗರದಲ್ಲಿ ಅವರ ಹೆಂಡತಿಯ ತಮ್ಮ ಒಂದು ಮನೆ ಕಟ್ಟಿಸಿದಾಗ, ಆ ಜಾಗ ಗಿರಣಿ ಮಾಲಕರು ಕೊಟ್ಟದ್ದು ಎಂಬ ಸುದ್ದಿ ಎದ್ದಿತು. ನಾನೂ ಕೇಳಿದೆ. ಹಲಗೆಯ ಮೇಲೆಯೇ ಇದ್ದರು. ನಿಜವೇನೆಂದು ನನಗೆ ಈಗಲೂ ಗೊತ್ತಿಲ್ಲ. ಅವರು ಮಾತ್ರ ಸಾಯುವವರೆಗೂ ಹಮಾಲರ ಓಣಿಯ ಬಾಡಿಗೆ ಮನೆಯಲ್ಲೇ ಇದ್ದರು. ಇದೂ ಯಾವುದಕ್ಕೂ ಸಾಕ್ಷಿಯಲ್ಲ.

ದೋಷಗಳಿದ್ದವು. ಮೈಕು ಕೈಗೆ ಬಂದರೆ ಬಿಡುತ್ತಿರಲಿಲ್ಲ. ಇನ್ನೊಬ್ಬ ಮಾತಾಡುವಾಗ ಅವನ ಹಿಂದೆ ನಿಂತು ಕೆಮ್ಮುತ್ತಿದ್ದರು. ಬಿಳಿ ಬಟ್ಟೆಯ ಹುಚ್ಚು. ಅಂಗಿಯಷ್ಟೇ ಅಲ್ಲ, ಹೆಗಲ ಮೇಲಿನ ವಲ್ಲಿಗೂ ಇಸ್ತ್ರಿ ಬೇಕು. ಜನರ ಹೆಸರು ಮರೆಯುತ್ತಿದ್ದರು, ನಡಿಗೆ ಮರೆಯುತ್ತಿರಲಿಲ್ಲ. "ಆ ಬಲಗಾಲ ಎಳದು ನಡ್ಯಾಂವ ಬಂದಿದ್ನಲ್ಲ," ಎಂದರೆ ಯಾರೆಂದು ನಾವು ಊಹಿಸಬೇಕು. ಸಂಜೆ ಮಂಡಕ್ಕಿ-ಮಿರ್ಚಿ ಇಲ್ಲದೆ ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲ. ಅವರು ಶಾಸಕರಾದ ಮೇಲೂ ಅವರ ಹೆಂಡತಿ ಗಿರಣಿಗೆ ನುಚ್ಚು ಕೇರಲು ಹೋಗುತ್ತಿದ್ದರು. ಬಿಡು ಎಂದು ಇವರು ಸಿಟ್ಟು ಮಾಡಿದರೆ ಆಕೆಯ ಉತ್ತರ: "ಶಾಸಕರಾದಾವ್ರು ನೀವು. ನಾ ಎಲ್ಲಿ ಆಗೀನಿ?"

ಸಂಘದಲ್ಲಿ ಒಂದು ಪದ್ಧತಿಯಿತ್ತು. ಈಗಲೂ ಇದೆ ಅನ್ನುತ್ತಾರೆ, ನಾನು ಇತ್ತೀಚೆಗೆ ನೋಡಿಲ್ಲ. ಮುಷ್ಕರ ಮಾಡಬೇಕೋ ಬೇಡವೋ ಎಂಬ ಮಾತು ಬಂದಾಗ ಅಲ್ಲಿ ಯಾರೂ ಕೈಯೆತ್ತುವುದಿಲ್ಲ. ಒಪ್ಪಿದವನು ಎದ್ದು ಬಂದು ತನ್ನ ವಲ್ಲಿಯನ್ನು ನಡುವೆ ನೆಲಕ್ಕೆ ಹಾಕುತ್ತಾನೆ. ವಲ್ಲಿ ಅಂದರೆ ಹೆಗಲಿಗೂ ಬೆನ್ನಿಗೂ ಹೊದ್ದುಕೊಳ್ಳುವ ಬಟ್ಟೆ. ಅದಿಲ್ಲದೆ ಗೋಣಿಚೀಲ ಹೊತ್ತರೆ ಚರ್ಮ ಸುಲಿಯುತ್ತದೆ. ಆದ್ದರಿಂದ ವಲ್ಲಿ ಹಾಕಿದವನು ಬರೀ ಒಪ್ಪಿಗೆ ಕೊಟ್ಟಂತಲ್ಲ, ಕೆಲಸ ಬಿಟ್ಟಂತೆಯೇ. ಮನಸ್ಸು ಬದಲಾದರೆ ಎಲ್ಲರ ಮುಂದೆ ಬಂದು, ರಾಶಿಯಲ್ಲಿ ತನ್ನದನ್ನು ಹುಡುಕಿ ಎತ್ತಿಕೊಂಡು ಹೋಗಬೇಕು. ಹಾಕುವುದು ಸುಲಭ, ಎತ್ತಿಕೊಳ್ಳುವುದು ಕಷ್ಟ.

ಚೀಲದ ಹೋರಾಟಕ್ಕೆ ಮೊದಲ ವಲ್ಲಿ ಹಾಕಿದವರು ಅಧ್ಯಕ್ಷರು. ಎರಡನೆಯದು ಮೇಸ್ತ್ರಿಯದು. ಬೇಡಿಕೆ ಒಂದೇ: ಕ್ವಿಂಟಲ್ ಚೀಲ ಬೇಡ, ಐವತ್ತು ಕಿಲೋ ಚೀಲ ಬೇಕು. ಆಗ ನಾನು ಒಂದು ಉದ್ದನೆಯ ಕರಪತ್ರ ಬರೆದಿದ್ದೆ, ಶೋಷಣೆ, ಬಂಡವಾಳ, ಇತಿಹಾಸ ಎಲ್ಲ ಸೇರಿಸಿ. ಓದಿಸಿಕೊಂಡು ಕೇಳಿದರು. ಅವರಿಗೆ ಓದಲು ಬರುತ್ತಿತ್ತು, ಆದರೆ ಓದಿಸಿ ಕೇಳುವುದೇ ರೂಢಿ.

"ಏನ್ರಿ ಇದು, ನೀವೂ ಕ್ವಿಂಟಲ್ ಚೀಲ ತುಂಬೀರಿ," ಅಂದರು. "ನಮ್ಮ ಮಂದಿ ಒಂದು ಉಸಿರಿಗೆ ಎಷ್ಟು ಓದ್ತಾರೋ ಅಷ್ಟ ಇರ್ಲಿ. ಉಸಿರು ಹಿಡಿದಲ್ಲಿ ಚುಕ್ಕಿ ಇಡ್ರಿ."

ನನಗೆ ಸಿಟ್ಟು ಬಂದಿತ್ತು. ಆದರೂ ಕತ್ತರಿಸಿದೆ. ಆಮೇಲೆ ಬರೆದದ್ದನ್ನೆಲ್ಲ ಕತ್ತರಿಸಿಯೇ ಬರೆದೆ.

ಸುಗ್ಗಿಯ ಕಾಲ. ಭತ್ತ ರಸ್ತೆಯಲ್ಲಿ ಬಿದ್ದಿತ್ತು, ಲಾರಿಗಳು ಸಿದ್ದಾಪುರದ ರಸ್ತೆಯುದ್ದಕ್ಕೂ ನಿಂತಿದ್ದವು. ಮಾಲಕರು ಒಪ್ಪಿದರು. ಪ್ಲಾಸ್ಟಿಕ್ ಚೀಲ ಬರುತ್ತಿದ್ದ ಕಾಲ ಅದು, ದೂರದ ಮಾರುಕಟ್ಟೆಗಳಲ್ಲಿ ಆಗಲೇ ಚಿಕ್ಕ ಚೀಲ ಕೇಳುತ್ತಿದ್ದರು, ಹೋರಾಟವಿಲ್ಲದಿದ್ದರೂ ಇದು ಆಗುತ್ತಿತ್ತು ಎಂದು ಒಬ್ಬ ವ್ಯಾಪಾರಿ ನನಗೆ ಹೇಳಿದ. ಇರಬಹುದು. ನಾನು ಕಂಡದ್ದು ಇಷ್ಟು: ಮೊದಲ ದಿನ ಚಿಕ್ಕ ಚೀಲ ಹೊತ್ತ ಗಂಡಸರು ಹಲಗೆಯ ಮೇಲೆ ನಗುತ್ತಾ ಓಡಿದರು. ಹಲಗೆಯ ಮೇಲೆ ಯಾರಾದರೂ ನಕ್ಕದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಒಂದರ ಮೇಲೊಂದು ಎರಡು ಚೀಲ ಹೊತ್ತು ಹೊರಟಿದ್ದ. ಚೀಲದ ಲೆಕ್ಕದಲ್ಲಿ ಕೂಲಿ, ಬೇಗ ಮುಗಿಸಿದರೆ ಬೇಗ ಮನೆ. ಅವನನ್ನು ನೋಡಿ ಉಳಿದವರೂ ಎರಡೆರಡು ಹೊರತೊಡಗಿದರು.

ಅಧ್ಯಕ್ಷರು ಹಲಗೆಗೆ ಅಡ್ಡ ಬಂದು ನಿಂತರು. "ಎರಡು ಹೊತ್ರ ಮತ್ತ ಕ್ವಿಂಟಲ್ಲ ಆತಲ್ಲೋ ಅಣ್ಣಾ. ಇಷ್ಟ್ಯಾಕ ಒದ್ದಾಡಿದ್ವಿ ನಾವು?"

"ಇದು ನಾ ಹೊರೂದಲ್ಲಪಾ, ನನ್ನ ಬೆನ್ನು ಕೇಳಾಕತ್ತೈತಿ," ಅಂದ ಮೇಸ್ತ್ರಿ. "ಹಗರಾತು ಅಂತ ಅದಕ ನಂಬಿಗಿ ಬರವಲ್ದು."

ಒಂದು ವಾರ ಅಧ್ಯಕ್ಷರು ಗಿರಣಿಯಿಂದ ಗಿರಣಿಗೆ ಸೈಕಲ್ಲಿನಲ್ಲಿ ಸುತ್ತಿ, ಎರಡೆರಡು ಹೊರುವವರನ್ನು ಬೈದು ಬೈದು ಒಂದಕ್ಕೆ ಇಳಿಸಿದರು. ಮಾಲಕರ ವಿರುದ್ಧದ ಹೋರಾಟಕ್ಕಿಂತ ಇದೇ ಭಾರಿಯಾಗಿತ್ತು ಎಂದು ಮುಂದೆ ಭಾಷಣಗಳಲ್ಲಿ ಹೇಳಿ ನಗಿಸುತ್ತಿದ್ದರು. ಆ ಚೀಲವೇ ಅವರನ್ನು ನಗರಸಭೆಗೆ, ಅಲ್ಲಿಂದ ವಿಧಾನಸಭೆಗೆ ಕಳಿಸಿತು. ಅವರ ಚುನಾವಣೆಯ ಕರಪತ್ರದಲ್ಲಿ ಒಂದೇ ಸಾಲು ಹಾಕಿದ್ದೆ: ನಿಮ್ಮ ಬೆನ್ನಿನ ಭಾರ ಅರ್ಧ ಇಳಿಸಿದವರು.

ಶಾಸಕರಾಗಿ ಏನು ಮಾಡಿದರು ಎಂದು ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಹಮಾಲರ ಓಣಿಗೆ ನಲ್ಲಿ ಬಂತು. ಅಳವಂಡಿ ಕಡೆಯ ಒಂದು ರಸ್ತೆಗಾಗಿ, ಅದು ತಮ್ಮ ಕ್ಷೇತ್ರವಲ್ಲದಿದ್ದರೂ, ಯಾರೋ ಬಂದು ಅತ್ತರೆಂದು ಕೊಪ್ಪಳದ ಕಚೇರಿಗಳಿಗೆ ಅಲೆದರು, ಆಗಲಿಲ್ಲ. ಸದನದಲ್ಲಿ ಹೆಚ್ಚು ಮಾತಾಡಲಿಲ್ಲ. ಅಲ್ಲಿ ಮೈಕು ಅವರ ಕೈಯಲ್ಲಿರಲಿಲ್ಲ.

ಅವಧಿ ಮುಗಿಯಲು ಕೆಲವು ತಿಂಗಳಿದ್ದಾಗ ಸಿದ್ದಾಪುರದ ಹತ್ತಿರ ಒಂದು ಹೊಸ ಗಿರಣಿ ಎದ್ದಿತು. ಮಾಲಕ, ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಮನೆಯವನು, ಒಳ್ಳೆಯ ಮನುಷ್ಯನೆಂದೇ ಹೆಸರು. ಆಮಂತ್ರಣ ಪತ್ರ ಅಚ್ಚಾದದ್ದು ನನ್ನ ಪ್ರೆಸ್ಸಿನಲ್ಲೇ. ಆಧುನಿಕ ಅಕ್ಕಿ ಗಿರಣಿಯ ಉದ್ಘಾಟನೆ, ಮಾನ್ಯ ಶಾಸಕರ ಹಸ್ತದಿಂದ. ಒಳಗೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅಥವಾ ಅವರಿಗೆ ಗೊತ್ತಿತ್ತು. ಈ ಬಗ್ಗೆ ಊರಿನಲ್ಲಿ ಇನ್ನೂ ಎರಡು ಪಕ್ಷವಿದೆ.

ಮೊದಲ ಲಾರಿ ತುಂಬಲು ಮೇಸ್ತ್ರಿಯ ಗುಂಪನ್ನೇ ಕರೆಸಿದ್ದರು. ಹೊಸ ವಲ್ಲಿ ಹೊದ್ದು ಸಾಲಾಗಿ ನಿಂತಿದ್ದರು. ಅಧ್ಯಕ್ಷರ ಮುಂದೆ ಒಂದು ಹಸಿರು ಗುಂಡಿ ಇತ್ತು. ಒತ್ತಿದರು. ಗೋದಾಮಿನ ಒಳಗಿನಿಂದ ಒಂದು ಅಗಲವಾದ ರಬ್ಬರ್ ಪಟ್ಟಿ ಚಲಿಸತೊಡಗಿತು. ಅದರ ಮೇಲೆ ಒಂದೊಂದೇ ಚೀಲ ಬಂದು, ಓರೆಯಾಗಿ ಮೇಲೇರಿ, ಲಾರಿಯೊಳಗೆ ಮೆತ್ತಗೆ ಬಿದ್ದಿತು. ಒಬ್ಬ ಹುಡುಗಿ ಬಾಗಿಲಲ್ಲಿ ಎರಚಲು ಹಿಡಿದಿದ್ದ ಹೂವು ಕೈಯಲ್ಲೇ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಲಿನಲ್ಲಿ ನಿಂತಿದ್ದವರಲ್ಲಿ ಕೆಲವರೂ ತಟ್ಟಿದರು, ತಟ್ಟಬೇಕೋ ಏನೋ ಎಂದು ತಿಳಿಯದೆ.

ಮಾಲಕ ಮೈಕು ಹಿಡಿದ. "ನಿಜ ಹೇಳ್ಬೇಕಂದ್ರೆ ಈ ಬೆಲ್ಟು ಅಧ್ಯಕ್ಷರಿಂದಾನೇ ಬಂತಂಡಿ. ಮೊದ್ಲಿನ ಚೀಲ ಹಾಕಿದ್ರೆ ಪಟ್ಟಿ ಜೋತುಬೀಳ್ತಿತ್ತು. ಅವ್ರು ಚೀಲ ಸಣ್ಣದು ಮಾಡಿಸಿದ್ರು, ಮಿಷನ್ನಿಗೆ ಸರಿಹೋಯ್ತು. ಅವ್ರ ಪುಣ್ಯ." ಹೊಗಳಿಕೆಯಾಗಿಯೇ ಹೇಳಿದ ಎಂದು ನನ್ನ ಊಹೆ. ಮುಖದಲ್ಲಿ ಕುಹಕವೇನೂ ಇರಲಿಲ್ಲ.

ಅಧ್ಯಕ್ಷರು ಪಟ್ಟಿಯ ಹತ್ತಿರ ಹೋದರು. ಒಂದು ಚೀಲದ ಮೇಲೆ ಅಂಗೈ ಇಟ್ಟು ಅದರ ಜೊತೆ ಸ್ವಲ್ಪ ದೂರ ನಡೆದರು. ಆಮೇಲೆ, "ಛಲೋ ಐತಿ," ಅಂದರು. "ಯಾರ ಬೆನ್ನ ಮ್ಯಾಲೂ ಇಲ್ಲ ನೋಡ್ರಿ."

ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೊಬೈಲುಗಳಲ್ಲಿ ಓಡಾಡಿದ ವಿಡಿಯೊದಲ್ಲಿ "ಛಲೋ ಐತಿ" ಎಂಬುದಷ್ಟೇ ಇದೆ. ಉಳಿದದ್ದು ಚಪ್ಪಾಳೆಯಲ್ಲಿ ಮುಚ್ಚಿಹೋಗಿದೆ. ಮೇಸ್ತ್ರಿಯನ್ನು ಕೇಳಿದರೆ ಎರಡನೆಯ ಮಾತು ಅವರು ಆಡಲೇ ಇಲ್ಲ ಅನ್ನುತ್ತಾನೆ. ಅವನು ನನಗಿಂತ ಹತ್ತಿರ ನಿಂತಿದ್ದ.

ಅದೇ ವಾರ ಸಂಘದ ತಗಡಿನ ಶೆಡ್ಡಿನ ಮುಂದೆ ಸಭೆ. ಇನ್ನೂ ನಾಲ್ಕು ಗಿರಣಿಗಳಿಗೆ ಬೆಲ್ಟ್ ಬರುತ್ತಿದೆ ಎಂಬ ಸುದ್ದಿ ಬಂದಿತ್ತು. ಒಂದು ಬೆಲ್ಟಿಗೆ ಮೂರ್ನಾಲ್ಕು ಜನ ಸಾಕು, ಉಳಿದ ಗುಂಪು ಮನೆಗೆ. ಎಲ್ಲ ಗಿರಣಿ ನಿಲ್ಲಿಸಿ ಬೆಲ್ಟ್ ಕೀಳಿಸಬೇಕು ಎಂಬುದು ಮೇಸ್ತ್ರಿಯ ಮಾತು. ಅವನೇ ಮೊದಲು ಬಂದು ವಲ್ಲಿ ಹಾಕಿದ. ಒಬ್ಬೊಬ್ಬರೇ ಎದ್ದರು. ರಾಶಿ ಬೆಳೆಯಿತು. ಬೆವರಿನ ವಾಸನೆ ನನ್ನವರೆಗೂ ಬರುತ್ತಿತ್ತು. ಅಧ್ಯಕ್ಷರು ಬೇವಿನ ಮರದ ಕಟ್ಟೆಯ ಮೇಲೆ ಕೂತೇ ಇದ್ದರು.

"ಏನ್ರಿ ಶಾಸಕರ," ಅಂದ ಮೇಸ್ತ್ರಿ. ಅವನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. "ಇಸ್ತ್ರಿ ವಲ್ಲಿ, ಮಡಿಕಿ ಮುರಿತೈತಿ ಅಂತ ಹಾಕವಲ್ರೇನು?"

ಜನ ನಕ್ಕರು. ಅಧ್ಯಕ್ಷರೂ ನಕ್ಕರು.

"ಇಸ್ತ್ರಿ ಹೋದ್ರ ಹೋಗ್ಲಿ. ನಾ ಹಾಕೂದಿಲ್ಲ."

"ಯಾಕ್ರಿ?"

"ಭಾರ ಬ್ಯಾಡ ಅಂತ ನಿಮ್ಮನ್ನೆಲ್ಲ ಬೀದಿಗೆ ಕರಕೊಂಡು ಬಂದಾಂವ ನಾನು. ಈಗ ಭಾರ ಬೇಕು ಅಂತ ಯಾವ ಬಾಯಿಲೆ ಅನ್ಲಿ?"

"ಭಾರ ಬ್ಯಾಡ ಅಂದಿದ್ವಿ," ಅಂದ ಮೇಸ್ತ್ರಿ. "ಕೆಲಸ ಬ್ಯಾಡ ಅಂದಿದ್ದಿಲ್ಲ."

ಅಧ್ಯಕ್ಷರು ಹಲಗೆಯ ಮಾತು ಹೇಳಲಿಲ್ಲ. "ಬೆಲ್ಟ್ ನಿಲ್ಲೂದಿಲ್ಲಣ್ಣಾ," ಅಂದರು. "ನಾವು ಗಂಗಾವತಿಯಾಗ ಕಿತ್ರ ಬ್ಯಾರೆ ಊರಾಗ ಹಾಕ್ತಾರ, ಭತ್ತ ಅಲ್ಲಿಗೆ ಹೋಗ್ತೈತಿ. ಬೆಲ್ಟಿನ ಎರಡೂ ತುದಿಗೆ ನಮ್ಮ ಮಂದೀನ ಇರಬೇಕು, ಚೀಲ ಹೊಲಿಯೂದು ನಮ್ಮ ಹೆಣ್ಮಕ್ಕಳಿಗೆ ಕೊಡಬೇಕು ಅಂತ ಕೇಳೂಣು. ಅದಕ್ಕಾದ್ರ ಈಗ ಹಾಕ್ತೀನಿ ವಲ್ಲಿ."

"ಮೂರು ಮಂದಿಗೆ ಕೆಲಸ. ನಾವು ಮೂವತ್ತು ಮಂದಿ ಅದೀವಿ."

"ಸರತಿ ಹಚ್ಚೂಣು."

"ಸರತಿಲೆ ಉಣ್ಣೂದೇನ್ರಿ?"

ಯಾರೋ ಹಿಂದಿನಿಂದ, "ಗುಂಡಿ ಒತ್ತಾವ್ರಿಗೆ ಊಟದ ಚಿಂತಿ ಎಲ್ಲೈತಪಾ," ಅಂದರು. ಈ ಸಲ ಅಧ್ಯಕ್ಷರು ನಗಲಿಲ್ಲ. ಎದ್ದು, ರಾಶಿಯನ್ನು ಸುತ್ತುಹಾಕಿ, ಶೆಡ್ಡಿನೊಳಗೆ ಹೋದರು.

ಮರುದಿನ ಪ್ರೆಸ್ಸಿಗೆ ಬಂದರು. ಚುನಾವಣೆ ಹತ್ತಿರವಿತ್ತು. ಹಾಕಿಬಿಡಬಹುದಿತ್ತಲ್ಲ, ಬೆಲ್ಟ್ ಹೇಗೂ ನಿಲ್ಲುವುದಿಲ್ಲ, ನಿಮ್ಮ ಸೀಟಾದರೂ ಉಳಿಯುತ್ತಿತ್ತು ಅಂದೆ.

"ಹಾಕಿದ್ರ ನಾಳೆ ಎತ್ಕೋಬೇಕಾಗ್ತಿತ್ತರಿ," ಅಂದರು. "ನಮ್ಮಾವ್ರು ವಲ್ಲಿ ಎತ್ಕೊಂಡು ಹೋಗೂದು ನೀವು ನೋಡಿಲ್ಲ."

ನೋಡಿದೆ. ಮುಷ್ಕರ ಹೆಚ್ಚು ದಿನ ನಡೆಯಲಿಲ್ಲ. ಬೆಲ್ಟ್ ಇದ್ದ ಗಿರಣಿಗಳು ಹೊರಗಿನ ಕೆಲವರನ್ನಿಟ್ಟುಕೊಂಡು ಓಡಿದವು, ಇಲ್ಲದ ಗಿರಣಿಗಳು ಬೆಲ್ಟ್ ತರಿಸಿದವು. ಬೆಳಗಿನ ಹೊತ್ತು ಒಬ್ಬೊಬ್ಬರೇ ಬಂದು, ರಾಶಿ ಕೆದಕಿ, ತಮ್ಮದನ್ನು ಮೂಸಿ ಗುರುತು ಹಿಡಿದು, ಮಡಚಿ ಬಗಲಲ್ಲಿಟ್ಟುಕೊಂಡು ಹೋದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಸ್ತ್ರಿ ತನ್ನದನ್ನು ಎತ್ತಿಕೊಳ್ಳಲಿಲ್ಲ. ಅದು ಅಲ್ಲೇ ಬಿದ್ದು ಮಣ್ಣಾಯಿತು.

ಚುನಾವಣೆಯಲ್ಲಿ ಎದುರಾಳಿಗಳಿಗೆ ಹೆಚ್ಚು ಕೆಲಸವಿರಲಿಲ್ಲ. ಆ ವಿಡಿಯೊ ಸಾಕಾಯಿತು. ಗುಂಡಿ ಶಾಸಕ ಎಂಬ ಹೆಸರು ಬಂತು. ಹಮಾಲರ ಓಣಿಯ ಮತಗಟ್ಟೆಯಲ್ಲೇ ಅವರು ಹಿಂದೆ ಬಿದ್ದರು. ಸೋತ ಸಂಜೆ ಎಂದಿನಂತೆ ಮಂಡಕ್ಕಿ ಅಂಗಡಿಯಲ್ಲಿ ಕೂತಿದ್ದರು. ಅಂಗಡಿಯವನು ದುಡ್ಡು ಬೇಡವೆಂದ. "ಸೋತಾಂವಗ ಪುಕ್ಕಟ ಕೊಡಬಾರದೋ, ರೂಢಿ ಆಗ್ತೈತಿ," ಎಂದು ಕೊಟ್ಟೇ ಬಂದರು.

ಅವರು ಯಾಕೆ ವಲ್ಲಿ ಹಾಕಲಿಲ್ಲ ಎಂಬುದಕ್ಕೆ ನಾನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣ ನಂಬಿದ್ದೇನೆ. ಮಾತಿಗೆ ನಿಂತ ಮನುಷ್ಯ ಎಂದು ಒಂದು ಕಾಲಕ್ಕೆ. ಮಾಲಕರ ಮುಲಾಜಿಗೆ ಬಿದ್ದಿದ್ದರು ಎಂದು ಒಂದು ಕಾಲಕ್ಕೆ. ತಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ತಪ್ಪಾಗಿತ್ತೆಂದು ಒಪ್ಪಿಕೊಳ್ಳಲಾರದ ಹಟ ಎಂದು ಇನ್ನೊಂದು ಕಾಲಕ್ಕೆ. ಮೂರರಲ್ಲಿ ಒಂದನ್ನು ಆರಿಸಿಕೊಂಡರೆ ಈ ಬರಹ ಚೆಂದವಾಗುತ್ತದೆ. ಆರಿಸಿಕೊಳ್ಳುವಷ್ಟು ನನಗೆ ಗೊತ್ತಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಎದ್ದು ಯಾವುದಾದರೂ ಗಿರಣಿಯ ಗೇಟಿಗೆ ಹೋಗಿ ಕೂಡುವುದು, ಮಾಲಕ ಹೊರಗೆ ಬರುವವರೆಗೆ. ಬೆಲ್ಟಿನ ತುದಿಗೆ ಇಂಥವನನ್ನು ತಗೊಳ್ಳಿ, ಹೊಲಿಗೆ ಮಷೀನಿಗೆ ಇಂಥವಳನ್ನು ತಗೊಳ್ಳಿ. ಕೆಲವರಿಗೆ ಸಿಕ್ಕಿತು, ಬಹಳ ಜನರಿಗೆ ಸಿಗಲಿಲ್ಲ. ಸಿಗದವರು ಕೊಪ್ಪಳದ ಕಡೆಯ ಕಾರ್ಖಾನೆಗಳಿಗೆ, ಕುಷ್ಟಗಿಯ ಕಡೆಯ ಕಲ್ಲಿನ ಕ್ವಾರಿಗಳಿಗೆ ಹೋದರು. ಅವರ ಹೆಂಡತಿ ಚೀಲ ಹೊಲಿಯುವ ಮಷೀನಿಗೆ ಹೋದ ಮೊದಲ ಹೆಂಗಸು. ಮೇಸ್ತ್ರಿಯ ಸೊಸೆಗೂ ಅಲ್ಲೇ ಕೆಲಸ ಸಿಕ್ಕಿತು. ಯಾರು ಕೊಡಿಸಿದ್ದು ಎಂದು ಮೇಸ್ತ್ರಿ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಇಬ್ಬರು ಗಂಡಸರೂ ಒಂದೇ ಓಣಿಯಲ್ಲಿ, ಎದುರುಬದುರು ಬಂದರೆ ಒಬ್ಬರು ಪಕ್ಕದ ಸಂದಿಗೆ ಹೊರಳಿಕೊಳ್ಳುತ್ತಾ ಬದುಕಿದರು.

ಕೊನೆಗೆ ಅಧ್ಯಕ್ಷರ ಬೆನ್ನುಹುರಿಯೇ ಕೈಕೊಟ್ಟಿತು. ಕಾಲು ಬಿದ್ದುಹೋದವು, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಕೊಪ್ಪಳದ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದ ಮಧ್ಯಾಹ್ನ ಅವರ ಹೆಂಡತಿ ಮೋಸಂಬಿ ಸುಲಿಯುತ್ತಾ ಕೂತಿದ್ದರು. ಮೇಸ್ತ್ರಿ ಬಂದ. ಬಾಗಿಲಲ್ಲೇ ನಿಂತ. ಮುದುಕನಾಗಿದ್ದ.

ಆಕೆಯೇ ಮೊದಲು ಮಾತಾಡಿದರು. "ಬರ್ರಿ ಭಾವಾರ. ಹಾದಿ ಗೊತ್ತಾತೇನು?"

ಅವನು ಒಳಗೆ ಬಂದು ಮಂಚದ ಪಕ್ಕ ನಿಂತ. "ನೀ ಅಂದದ್ದು ಖರೆ ಇತ್ತು ಅಂತ ಹೇಳಾಕ ಬಂದಿಲ್ಲ ತಮ್ಮಾ," ಅಂದ. "ಹೆಂಗದಿ ಅಂತ ಕೇಳಾಕ ಬಂದೀನಿ."

"ಖರೆ ಇತ್ತು ಅಂತ ನಾನೂ ಅನ್ನೂದಿಲ್ಲ," ಅಂದರು ಅಧ್ಯಕ್ಷರು. ಉಸಿರು ಸಾಲುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಕುಂದ್ರು ಅಣ್ಣಾ."

ಮೇಸ್ತ್ರಿ ಕೂತ. ಮಗ ಏನು ಮಾಡುತ್ತಾನೆ ಎಂದು ಇವರು ಕೇಳಿದರು. ಕುಷ್ಟಗಿಯಲ್ಲಿ ಟೈರಿನ ಅಂಗಡಿಯಲ್ಲಿ ಇದ್ದಾನೆ ಎಂದು ಅವನು ಹೇಳಿದ. ಚೀಲ ಹೊತ್ತಿಲ್ಲವೇ ಎಂದು ಕೇಳಿದರು. ಇಲ್ಲ, ಹೊರಲು ಎಲ್ಲಿದೆ ಅಂದ. ಅಧ್ಯಕ್ಷರು ತಲೆಯಾಡಿಸಿದರು. ಸಮಾಧಾನದಿಂದಲೋ ಬೇಸರದಿಂದಲೋ, ನನಗೆ ಮುಖ ಕಾಣುತ್ತಿರಲಿಲ್ಲ. ಆಮೇಲೆ ಇಬ್ಬರೂ ಮೋಸಂಬಿ ತಿಂದರು. ಬೀಜ ನುಂಗಬೇಡಿ ಎಂದು ಆಕೆ ಇಬ್ಬರಿಗೂ ಹೇಳಿದರು.

ಅದಾದ ಕೆಲವು ದಿನಗಳಿಗೆ ಅಧ್ಯಕ್ಷರು ತೀರಿಕೊಂಡರು. ಪತ್ರಿಕೆಗಳು ಬರೆದವು, ಕಾರ್ಮಿಕರ ಕಣ್ಮಣಿ ಎಂದು. ನಾಯಕರು ಬಂದು ಮಾತಾಡಿದರು. ಬೆಲ್ಟಿನ ವಿಷಯ ಯಾರೂ ಎತ್ತಲಿಲ್ಲ. ಸತ್ತ ಮನೆಯಲ್ಲಿ ಎತ್ತುವ ಮಾತಲ್ಲ ಅದು.

ಸಂಘದಿಂದ ಒಂದು ಶ್ರದ್ಧಾಂಜಲಿ ಪತ್ರ ಅಚ್ಚು ಹಾಕಿಸಬೇಕೆಂದು ಮೇಸ್ತ್ರಿ ಪ್ರೆಸ್ಸಿಗೆ ಬಂದ. ನಾನು ಬರೆದಿಟ್ಟಿದ್ದನ್ನು ಓದಿದೆ. ಚೀಲದ ಹೋರಾಟ, ನಗರಸಭೆ, ವಿಧಾನಸಭೆ, ನಲ್ಲಿ. ಚಿಕ್ಕ ಚಿಕ್ಕ ವಾಕ್ಯ.

"ಬೆಲ್ಟಿಂದು ಎಲ್ಲೈತಿ?" ಅಂದ.

ಅದು ಬೇಡ ಅನ್ನಿಸಿತು ಅಂದೆ.

"ಬರೀರಿ. ಬೆಲ್ಟಿನ ದಿನ ಅವರು ನಮ್ಮ ಕೂಡ ವಲ್ಲಿ ಹಾಕಲಿಲ್ಲ ಅಂತ ಬರೀರಿ."

ಬರೆದೆ.

"ಅದರ ಬುಡಕ, ನಾವು ಅವರಿಗೆ ಓಟು ಹಾಕಲಿಲ್ಲ ಅಂತ ಬರೀರಿ."

ಇವೆರಡನ್ನು ಹೀಗೆ ಬಿಟ್ಟರೆ ಚೆನ್ನಾಗಿರುವುದಿಲ್ಲ, ಜೋಡಿಸಲು ಇನ್ನೊಂದು ಸಾಲು ಬೇಕು ಅಂದೆ. ಆದರೂ ನಾವು ಅವರನ್ನು ಎಂದಿಗೂ ಮರೆಯೆವು, ಅಂಥದ್ದೇನಾದರೂ.

"ಬ್ಯಾಡ್ರಿ," ಅಂದ ಮೇಸ್ತ್ರಿ. "ಜೋಡಸೂದು ನಮಗ ಆಗಿಲ್ಲ. ನಿಮಗ ಹೆಂಗ ಆಗ್ತೈತಿ?"

ಹಾಗೇ ಅಚ್ಚು ಹಾಕಿದೆ. ಮೇಲೆ ಅವರ ಫೋಟೊ, ಕೊನೆಗೆ ಆ ಎರಡು ಸಾಲು, ಒಂದರ ಕೆಳಗೊಂದು. ಮಾರುಕಟ್ಟೆಯ ಗೇಟಿನಲ್ಲಿ ಮೇಸ್ತ್ರಿಯೇ ನಿಂತು ಹಂಚಿದ. ಭತ್ತ ತಂದಿದ್ದ ಒಬ್ಬ ರೈತ ತೆಗೆದುಕೊಂಡು, ನಿಂತು ಓದಿ, ಮತ್ತೊಮ್ಮೆ ಓದಿ, ಹೊರಳಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ.

"ಏನಜ್ಜಾರ ಇದು? ಅವರನ್ನ ಬೈದೀರೋ, ಹೊಗಳೀರೋ?"

"ಎರಡೂ ಅಲ್ಲಪಾ," ಅಂದ ಮೇಸ್ತ್ರಿ, ಮುಂದಿನವನಿಗೆ ಕಾಗದ ಚಾಚುತ್ತಾ. "ಅವರನ್ನ ಬಲ್ಲಾವ್ರು ಬರಿಸೀವಿ."